ಆ ಕರಕಲು ತುದಿಯಿಂದ ಶುರು ಮಾಡಿ

ನಮಸ್ಕಾರ. ಬಾಹ್ಯಾಕಾಶದಲ್ಲಿ ಹೈ ವೋಲ್ಟೇಜ್ ಇನ್ಸುಲೇಶನ್ ಬಗ್ಗೆ ನೀವು ಕಳ್ಸಿದ ಲೇಖನ ಎರಡು ಸಲ ಓದ್ದೆ. ಈಗಿರೋ ಥರ ಹಾಕೋಕಾಗಲ್ಲ, ನೇರವಾಗೇ ಹೇಳ್ತಿದೀನಿ, ಆದ್ರೆ ದಯವಿಟ್ಟು ಕೈಬಿಡ್ಬೇಡಿ, ಇಂಥ ವಿಷಯ ಕನ್ನಡದಲ್ಲಿ ಬರೆಯೋರು ತುಂಬಾ ಕಮ್ಮಿ.

ಮೊದಲ ಹತ್ತು ಪ್ಯಾರಾ ಬರೀ ಮಾನವನ ಕನಸು, ನಕ್ಷತ್ರ, ರಾಕೆಟ್ ಇತಿಹಾಸ. ಅಷ್ಟೂ ತೆಗೀರಿ. ಹನ್ನೊಂದನೇದ್ರಲ್ಲಿ "1996ರಲ್ಲಿ ಒಂದು ಕೇಬಲ್ ತುಂಡಾಯಿತು" ಅಂತ ಒಂದೇ ಸಾಲಲ್ಲಿ ಮುಗ್ಸಿದೀರಲ್ಲ, ಲೇಖನದ ಜೀವ ಇರೋದೇ ಅಲ್ಲಿ. ಅಮೆರಿಕದ ಸ್ಪೇಸ್ ಶಟಲ್ ಕೊಲಂಬಿಯಾದಿಂದ ಇಟಲಿಯ ಉಪಗ್ರಹವನ್ನ ಕೇಬಲ್‌ಗೆ ಕಟ್ಟಿ ಬಿಡ್ತಾ ಇದ್ರು, ಕೇಬಲ್ ದಪ್ಪ ಬರೀ ಎರಡೂವರೆ ಮಿಲಿಮೀಟರ್, 19.7 ಕಿಲೋಮೀಟರ್ ಹೊರಗೆ ಬಂದಿತ್ತು, ಭೂಮಿಯ ಕಾಂತಕ್ಷೇತ್ರದಲ್ಲಿ ಅಷ್ಟು ಸ್ಪೀಡಾಗಿ ಹೋಗ್ತಿದ್ದಿದ್ರಿಂದ ಅದ್ರಲ್ಲಿ ಸುಮಾರು 3500 ವೋಲ್ಟ್ ಹುಟ್ಟಿತ್ತು. ತಾಮ್ರದ ಎಳೆಗಳ ಮೇಲಿನ ಟೆಫ್ಲಾನ್ ಪದರದಲ್ಲಿ ಒಂದು ಸಣ್ಣ ತೂತು. ಅಲ್ಲಿ ಆರ್ಕ್, ಅಂದ್ರೆ ನಿಲ್ಲದ ವಿದ್ಯುತ್ ಕಿಡಿ, ಹೊಡೀತು, ಭಾರ ಹೊರೋ ಕೆವ್ಲಾರ್ ನಾರು ಸುಟ್ಟೋಯ್ತು, ಕೇಬಲ್ ತುಂಡಾಗಿ ಉಪಗ್ರಹ ಹೋಗೇಬಿಡ್ತು. ಶಟಲ್ ಕಡೆ ಉಳಿದ ತುದಿ ಕರಕಲಾಗಿತ್ತು. ಓದುಗರಿಗೆ ಮೊದಲು ಅದನ್ನ ತೋರ್ಸಿ.

ಇನ್ನು "ನಿರ್ವಾತವೇ ಅತ್ಯುತ್ತಮ ನಿರೋಧಕ, ಆದ್ದರಿಂದ ಅಲ್ಲಿ ಭಯವಿಲ್ಲ" ಅಂದಿದೀರಿ, ಇದು ಅರ್ಧ ಮಾತ್ರ ಸರಿ. ಮಾಮೂಲಿ ಗಾಳಿಗೂ ಪೂರ್ತಿ ನಿರ್ವಾತಕ್ಕೂ ನಡುವೆ ಒಂದು ಕೆಟ್ಟ ಒತ್ತಡ ಇದೆ, ಅಲ್ಲಿ ಕೆಲವೇ ನೂರು ವೋಲ್ಟ್ ಸಾಕು, ಡಿಸ್ಚಾರ್ಜ್ ಆಗ್ಬಿಡತ್ತೆ, ಅಂದ್ರೆ ಗ್ಯಾಸ್ ಮೂಲಕವೇ ಕರೆಂಟ್ ಹರಿಯತ್ತೆ, ಜರ್ಮನಿಯ ಭೌತವಿಜ್ಞಾನಿ ಪಾಶೆನ್ 1889ರಲ್ಲೇ ಇದನ್ನ ಅಳೆದು ತೋರ್ಸಿದ್ರು. ಮನೆಯ ಹಳೇ ಥರದ (ಎಲ್‌ಇಡಿ ಅಲ್ಲದ) ಟ್ಯೂಬ್‌ಲೈಟ್ ಒಳಗೂ ಕಮ್ಮಿ ಒತ್ತಡದ ಗ್ಯಾಸೇ ಇರೋದು, ಅದಕ್ಕೇ ಅಷ್ಟುದ್ದಕ್ಕೂ ಕರೆಂಟ್ ಹರಿಯತ್ತೆ, ಈ ಹೋಲಿಕೆ ಹಾಕಿದ್ರೆ ಹೈಸ್ಕೂಲ್ ಹುಡುಗರಿಗೂ ಅರ್ಥ ಆಗತ್ತೆ. ಆ ಕೇಬಲ್ ಪದರಗಳ ಒಳಗೆ ಸಿಕ್ಕಿಹಾಕ್ಕೊಂಡಿದ್ದ ಗಾಳಿ ತೂತಿಂದ ಸೋರಿ ಆರ್ಕ್‌ಗೆ ದಾರಿ ಮಾಡ್ಕೊಟ್ಟಿತ್ತು. ಉಪಗ್ರಹದ ಹೈ ವೋಲ್ಟೇಜ್ ಭಾಗಗಳನ್ನ ರೆಸಿನ್‌ನಲ್ಲಿ (ಆಮೇಲೆ ಗಟ್ಟಿಯಾಗೋ ಅಂಟು ದ್ರವ) ಮುಳುಗ್ಸುವಾಗ ಒಂದು ಗುಳ್ಳೆನೂ ಉಳೀದ ಹಾಗೆ ಒದ್ದಾಡೋದೂ ಇದಕ್ಕೇ. ನಿರ್ವಾತಕ್ಕಿಂತ ಒಳಗೆ ಉಳ್ಕೊಂಡ ಗಾಳಿಗೇ ಹೆಚ್ಚು ಹೆದರ್ಬೇಕು.

ಸ್ಪೇಸ್ ಸ್ಟೇಷನ್ನಿನ ಸೋಲಾರ್ ಪ್ಯಾನೆಲ್ 160 ವೋಲ್ಟ್ ಅನ್ನೋ ಪ್ಯಾರಾ ಚೆನ್ನಾಗಿದೆ, ಇರ್ಲಿ. "ವಿದ್ಯುನ್ನಿರೋಧನಾ ಸಾಮರ್ಥ್ಯ" ಬೇಡ, ಇನ್ಸುಲೇಶನ್ ಅಂತಲೇ ಬರೀರಿ, ವೈರಿಂಗ್ ಮಾಡೋರೂ ಹಾಗೇ ಅನ್ನೋದು. ತಿದ್ದಿ ಎರಡು ವಾರದೊಳಗೆ ಕಳ್ಸಿ, ನಾನೇ ಓದ್ತೀನಿ.