ಬಸ್ಕಿ ಹೊಡೆದ ಮರುದಿನ ಪಾದ ಏಳಲಿಲ್ಲ

ಪ್ರಶ್ನೆ: ಡಾಕ್ಟ್ರೇ, ನಾವು ನವಲಗುಂದ ಕಡೆಯವರು. ಮಗನಿಗೆ 20 ವರ್ಷ. ಧಾರವಾಡದ ಸಪ್ತಾಪುರದಲ್ಲಿ ರೂಮು ಮಾಡಿಕೊಂಡು ಪೊಲೀಸ್ ಪರೀಕ್ಷೆಗೆ ಓದುತ್ತಿದ್ದಾನೆ. ಹೋದ ವಾರ ಗೆಳೆಯರ ಜೊತೆ ಪಂದ್ಯ ಕಟ್ಟಿ ಬಸ್ಕಿ ಹೊಡೆದ. ಮರುದಿನದಿಂದ ಬಲಪಾದ ಮೇಲಕ್ಕೆ ಏಳುತ್ತಿಲ್ಲ. ಚಪ್ಪಲಿ ಕಳಚಿ ಬೀಳುತ್ತದೆ. ನೋವಿಲ್ಲ. ಊರಲ್ಲಿ ಲಕ್ವಾ ಅಂತಾರೆ. ನಮ್ಮನೆಯವರಿಗೂ ಒಮ್ಮೆ ಬಸ್ಸಿನಲ್ಲಿ ಮೊಣಕೈ ಊರಿ ಮಲಗಿದ್ದಕ್ಕೆ ಕಿರುಬೆರಳು ಎರಡು ತಿಂಗಳು ಮರಗಟ್ಟಿತ್ತು. ಮಗ ಮತ್ತೆ ಓಡಬಹುದಾ?

ಉತ್ತರ: ಅಕ್ಕಾ, ಆ ಬಸ್ಸಿನ ವಿಷಯ ಬರೆದಿದ್ದು ಬಹಳ ಒಳ್ಳೆಯದಾಯಿತು. ನನಗೆ ಇದು ಲಕ್ವಾ ಅನಿಸುವುದಿಲ್ಲ.

ಮೊಣಕಾಲಿನ ಹೊರಮಗ್ಗುಲಲ್ಲಿ, ಸ್ವಲ್ಪ ಕೆಳಗೆ, ಗುಂಡನೆಯ ಎಲುಬು ಕೈಗೆ ಸಿಗುತ್ತದೆ. ಅದನ್ನು ಸುತ್ತಿಕೊಂಡು ಒಂದು ನರ ಚರ್ಮದ ಕೆಳಗೇ ಹೋಗುತ್ತದೆ. ಪಾದ ಎತ್ತಿಸುವುದು ಅದೇ. ಕುಕ್ಕರಗಾಲಲ್ಲಿ ಕೂತರೆ ಅದರ ಮೇಲೆ ಒತ್ತಡ ಬೀಳುತ್ತದೆ. ದಿನವಿಡೀ ಕೂತು ಕಳೆ ತೆಗೆಯುವವರಲ್ಲೂ ಇದನ್ನು ನೋಡಿದ್ದೇನೆ.

ಆದರೆ ಅಪ್ಪನಿಗೆ ಕೈ, ಮಗನಿಗೆ ಕಾಲು ಅಂದರೆ ಎಚ್‌ಎನ್‌ಪಿಪಿ, ಅಂದರೆ ಸ್ವಲ್ಪ ಒತ್ತಿದರೂ ನರ ಸೋಲುವ, ವಂಶದಲ್ಲಿ ಬರುವ ಕಾಯಿಲೆ, ಇರಬಹುದೇ ಎಂದು ನೋಡಲೇಬೇಕು. ನರಕ್ಕೆ ವೈರಿನ ಪ್ಲಾಸ್ಟಿಕ್ಕಿನ ಹಾಗೆ ಒಂದು ಹೊದಿಕೆ ಇರುತ್ತದೆ. ಅದಕ್ಕೆ ಬೇಕಾದ ಪಿಎಂಪಿ22 ಎಂಬ ಜೀನ್ ಎಲ್ಲರಲ್ಲೂ ಎರಡು ಪ್ರತಿ. ಈ ಕಾಯಿಲೆ ಇರುವವರಲ್ಲಿ ಸಾಮಾನ್ಯವಾಗಿ ಒಂದು ಕಾಣೆಯಾಗಿರುತ್ತದೆ. ಹಾಗಾಗಿ ಬೇರೆಯವರಿಗೆ ಬರೀ ಜೋಮು ಹಿಡಿಸುವ ಒತ್ತಡಕ್ಕೇ ಇವರ ನರ ವಾರಗಟ್ಟಲೆ ಸೋಲುತ್ತದೆ. ತಂದೆಗೋ ತಾಯಿಗೋ ಇದ್ದರೆ ಪ್ರತಿ ಮಗುವಿಗೂ ಬರುವ ಸಾಧ್ಯತೆ ಶೇ. 50.

ಈ ವಾರವೇ ಹುಬ್ಬಳ್ಳಿಯಲ್ಲಿ ನರರೋಗ ತಜ್ಞರಿಗೆ ತೋರಿಸಿ. ಬೆನ್ನಿನ ಡಿಸ್ಕ್ ಜಾರಿದರೂ ಪಾದ ಸೋಲುತ್ತದೆ, ಅದನ್ನೂ ಅವರು ನೋಡುತ್ತಾರೆ. ನರದಲ್ಲಿ ಸಂದೇಶ ಎಷ್ಟು ವೇಗವಾಗಿ ಹೋಗುತ್ತದೆ ಎಂದು ಅಳೆಯುವ ನರ್ವ್ ಕಂಡಕ್ಷನ್ ಟೆಸ್ಟ್ ಮಾಡುವಾಗ ಚೆನ್ನಾಗಿರುವ ಕೈಕಾಲನ್ನೂ ಪರೀಕ್ಷಿಸಲು ಕೇಳಿ. ಈ ಕಾಯಿಲೆಯಲ್ಲಿ ತೊಂದರೆಯೇ ಕಾಣದ ನರದಲ್ಲೂ ವೇಗ ಕಡಿಮೆ ಇರುತ್ತದೆ. ಖಚಿತವಾಗುವುದು ರಕ್ತದ ಜೀನ್ ಪರೀಕ್ಷೆಯಿಂದ. ಮೂತ್ರ ಕಟ್ಟಿದರೆ ಅಥವಾ ಎರಡೂ ಕಾಲು ಸೋತರೆ ಅದೇ ದಿನ ಆಸ್ಪತ್ರೆಗೆ ಹೋಗಿ.

ಎಚ್‌ಎನ್‌ಪಿಪಿ ಆಗಿದ್ದರೆ ಬಹಳಷ್ಟು ಜನರಿಗೆ ಕೆಲವು ವಾರ, ತಿಂಗಳುಗಳಲ್ಲಿ ತಾನಾಗಿ ಗುಣವಾಗುತ್ತದೆ. ಕೆಲವರಲ್ಲಿ ಸ್ವಲ್ಪ ಸೋಲು ಉಳಿಯುತ್ತದೆ. ಎಣ್ಣೆ ಹಾಕಿ ಆ ಎಲುಬಿನ ಮೇಲೆ ಜೋರಾಗಿ ತಿಕ್ಕಿಸಬೇಡಿ, ದಯವಿಟ್ಟು. ಮೊಣಕಾಲಿಗೆ ಬಿಗಿ ಪಟ್ಟಿಯೂ ಬೇಡ. ಚಪ್ಪಲಿ ಬಿಟ್ಟು ಲೇಸ್ ಇರುವ ಶೂ ಹಾಕಲಿ, ಎಡವಿ ಬೀಳುವುದು ತಪ್ಪುತ್ತದೆ.

ಓಡಬಹುದಾ ಅಂದಿರಿ. ಪಾದ ಏಳಲಿ, ಡಾಕ್ಟರು ಹೂಂ ಅನ್ನಲಿ, ಆಮೇಲೆ ಓಡಲಿ. ವ್ಯಾಯಾಮ ಪೂರ್ತಿ ಬಿಡಿಸಬೇಡಿ. ಬಿಡಬೇಕಾದದ್ದು ಒತ್ತುವಂಥದ್ದು: ಬಸ್ಕಿ, ಕಾಲ ಮೇಲೆ ಕಾಲು, ಮೊಣಕೈ ಊರಿ ಓದುವುದು, ಭಾರದ ಬ್ಯಾಗು. ಪೊಲೀಸ್ ಫಿಸಿಕಲ್‌ನಲ್ಲಿ ಇರುವುದು ಓಟ, ಜಿಗಿತ, ಗುಂಡು ಎಸೆತ. ಬಸ್ಕಿ ಇಲ್ಲ ಅಲ್ವಾ?

ಹೋಗುವಾಗ ಅವರಪ್ಪನನ್ನೂ ಜೊತೆಗೆ ಕರೆದುಕೊಂಡು ಹೋಗಿ.