ಪಾಜೆಯಲ್ಲಿ ಗಾಳಿ ಇದೆ, ನೀರೇ ಇಲ್ಲ: ಕೈಟ್ ಯಾವಾಗ ಹಾರಿಸಲಿ?

ಜಾಂಜಿಬಾರ್ ದ್ವೀಪದ ಪಾಜೆ ಕಡಲತೀರಕ್ಕೆ ಕೈಟ್‌ಸರ್ಫಿಂಗ್‌ಗೆ (ಗಾಳಿಪಟದ ಎಳೆತದಲ್ಲಿ ಬೋರ್ಡಿನ ಮೇಲೆ ನಿಂತು ನೀರಲ್ಲಿ ಜಾರುವ ಆಟ) ಹೋದಾಗ, ಗಾಳಿ ಚೆನ್ನಾಗಿದ್ದರೂ ಬೋರ್ಡಿನ ಅಡಿಯ ಫಿನ್ (ರೆಕ್ಕೆ) ನೆಲಕ್ಕೆ ತಾಗಿತು ಅಂದಿರಲ್ಲ, ಅದಕ್ಕೆ ಕಾರಣ ಕಡಲಿನ ಇಳಿತವೇ ಇರಬೇಕು. ನೀವು ಹೋಗಿದ್ದು ಹುಣ್ಣಿಮೆ ಅಥವಾ ಅಮಾವಾಸ್ಯೆಯ ಆಸುಪಾಸು ಅಲ್ವಾ? ಆಗ ಆ ದಡದಲ್ಲಿ ನೀರು ಹವಳದ ದಿಬ್ಬದ ಕಡೆಗೆ ತುಂಬಾ ದೂರ ಸರಿಯುತ್ತದೆ.

ಮೊದಲು ಆ ದಿನದ ಉಬ್ಬರ-ಇಳಿತದ ಪಟ್ಟಿ ನೋಡಿ. ಪೂರ್ತಿ ಇಳಿದು ಎರಡು ಗಂಟೆಯಾದ ಮೇಲೆ, ನೀರು ಏರುತ್ತಿರುವಾಗ ಹೊರಡಿ. ಸೊಂಟದ ಮಟ್ಟ ಸಿಕ್ಕರೆ ಸಾಕು. ಈ ಹೊತ್ತು ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ, ನಿನ್ನೆಯ ಸಮಯ ನಂಬಬೇಡಿ. ಪೂರ್ತಿ ಉಬ್ಬರ ಬಂದರೆ ಕೈಟ್ ಎಬ್ಬಿಸಲು ದಡದಲ್ಲಿ ಜಾಗ ಕಡಿಮೆ.

ಕಾಲಿಗೆ ರಬ್ಬರ್ ಬೂಟು ಬೇಕೇ ಬೇಕು, ಸೀ ಅರ್ಚಿನ್ ಎಂಬ ಮುಳ್ಳಿನ ಕಡಲಜೀವಿ ಜಾಸ್ತಿ. ಕಡಲಪಾಚಿ ಬೆಳೆಸುವ ಹೆಂಗಸರು ನೆಟ್ಟ ಕೋಲುಗಳಿಂದಲೂ ದಯವಿಟ್ಟು ದೂರವಿರಿ. ಅದು ಅವರ ಹೊಟ್ಟೆಪಾಡು.