‘300’ ಸಿನಿಮಾ ಇಷ್ಟಪಟ್ಟರೆ ಇತಿಹಾಸಕ್ಕೆ ದ್ರೋಹವೇ?

ಪ್ರಶ್ನೆ: ನನಗೆ ‘300’ ಸಿನಿಮಾ ತುಂಬಾ ಇಷ್ಟ. ಟಿವಿಯಲ್ಲಿ ಬಂದಾಗಲೆಲ್ಲ ನೋಡುತ್ತೇನೆ. ಇತಿಹಾಸ ಓದಿರುವ ನನ್ನ ಗೆಳೆಯನಿಗೆ ಅದನ್ನು ಕಂಡರೇ ಆಗುವುದಿಲ್ಲ. ‘ಬರೀ ಸುಳ್ಳು, ಬರೀ ರಕ್ತ, ನಿನಗೆ ಹೇಗೆ ಸೇರುತ್ತೆ?’ ಎನ್ನುತ್ತಾನೆ. ಅದರಲ್ಲಿ ನಿಜ ಎಷ್ಟು? ನನ್ನ ಹನ್ನೆರಡು ವರ್ಷದ ಮಗನೂ ನೋಡಬೇಕೆಂದು ಹಟ ಹಿಡಿದಿದ್ದಾನೆ. ತೋರಿಸಬಹುದಾ?

ಉತ್ತರ: ಧಾರಾಳವಾಗಿ ಇಷ್ಟಪಡಿ. ಇತಿಹಾಸ ಪಾಠ ಮಾಡುವ ನನಗೂ ಅದು ಇಷ್ಟವೇ. ನಿಮ್ಮ ಗೆಳೆಯರು ಹೇಳುವ ತಪ್ಪುಗಳು ಇರುವುದೂ ಹೌದು. ಆದರೆ ಎಲ್ಲ ತಪ್ಪುಗಳನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಕಿಲ್ಲ.

ಸಿನಿಮಾದಲ್ಲಿ ತೋರಿಸುವ ಯುದ್ಧ ನಡೆದದ್ದು ನಿಜ. ಕ್ರಿ.ಪೂ. 480ರಲ್ಲಿ, ಗ್ರೀಸ್‌ನ ಥರ್ಮೊಪೈಲೇ ಎಂಬ ಇಕ್ಕಟ್ಟಾದ ದಾರಿಯಲ್ಲಿ, ಪರ್ಷಿಯಾದ (ಇಂದಿನ ಇರಾನ್) ದೊರೆ ಕ್ಸರ್ಕ್ಸಿಸ್‌ನ ಸೇನೆಯನ್ನು ಗ್ರೀಕರ ನಗರರಾಜ್ಯ ಸ್ಪಾರ್ಟಾದ ರಾಜ ಲಿಯೊನೈಡಸ್ ತಡೆದು ನಿಂತ. ಜೊತೆಗಿದ್ದವರು ಬರೀ ಮುನ್ನೂರು ಮಂದಿಯಲ್ಲ, ಸುಮಾರು ಏಳು ಸಾವಿರ ಗ್ರೀಕರು. ಬೆಟ್ಟದ ಕಾಲುದಾರಿ ಶತ್ರುಗಳಿಗೆ ಗೊತ್ತಾದ ಮೇಲೆ ಹೆಚ್ಚಿನವರು ಹೊರಟುಹೋದರು. ಆಗಲೂ ಥೆಸ್ಪಿಯೈ ಊರಿನ 700 ಮಂದಿ ಸ್ಪಾರ್ಟಾದವರ ಜೊತೆಗೇ ಉಳಿದು ಸತ್ತರು. ಪಾಪ, ಅವರ ಹೆಸರಿನಲ್ಲಿ ಯಾರೂ ಸಿನಿಮಾ ಮಾಡಲಿಲ್ಲ.

‘ಬಾಣಗಳು ಸೂರ್ಯನನ್ನೇ ಮುಚ್ಚಿದರೆ ನೆರಳಲ್ಲಿ ಹೋರಾಡೋಣ’ ಎಂಬ ಮಾತು ನಿಮಗೆ ನೆನಪಿರಬಹುದು. ಅದು ಚಿತ್ರಕಥೆಗಾರರ ಕೈಚಳಕವಲ್ಲ. ಡಿಯೆನಿಕೆಸ್ ಎಂಬ ಸ್ಪಾರ್ಟಾದ ಯೋಧ ಹಾಗೆ ಹೇಳಿದನೆಂದು ಪ್ರಾಚೀನ ಗ್ರೀಕ್ ಇತಿಹಾಸಕಾರ ಹೆರೊಡೊಟಸ್ ಬರೆದಿದ್ದಾನೆ. ಪರ್ಷಿಯಾದ ದೂತರನ್ನು ಸ್ಪಾರ್ಟಾದವರು ಬಾವಿಗೆ ತಳ್ಳಿದ್ದೂ ಅವನ ಪುಸ್ತಕದಲ್ಲಿದೆ. ಆದರೆ ಆ ದೂತರು ಬಂದದ್ದು ಹಿಂದಿನ ದೊರೆ ಡರಾಯಸ್‌ನ ಕಾಲದಲ್ಲಿ. ಆ ಪಾಪ ತೀರಿಸಲೆಂದು ಸ್ಪಾರ್ಟಾ ಆಮೇಲೆ ತನ್ನ ಇಬ್ಬರನ್ನು ಪರ್ಷಿಯಾಕ್ಕೆ ಕಳಿಸಿತು, ‘ಬದಲಿಗೆ ನಮ್ಮನ್ನು ಕೊಲ್ಲಿ’ ಎಂದು. ಕ್ಸರ್ಕ್ಸಿಸ್ ಕೊಲ್ಲಲಿಲ್ಲ, ವಾಪಸ್ ಕಳಿಸಿಬಿಟ್ಟ. ಸಿನಿಮಾದ ಕ್ಸರ್ಕ್ಸಿಸ್‌ಗಿಂತ ಎಷ್ಟು ಬೇರೆ, ಅಲ್ವಾ?

ಈಗ ವೇಷಭೂಷಣ. ಬರಿಮೈ, ಚರ್ಮದ ಚಡ್ಡಿ, ಕೆಂಪು ಹೊದಿಕೆ ತೊಟ್ಟು ಯಾರೂ ಯುದ್ಧಕ್ಕೆ ಹೋಗುತ್ತಿರಲಿಲ್ಲ. ತಲೆಗೆ, ಎದೆಗೆ, ಮೊಣಕಾಲಿನ ಕೆಳಗೆ ರಕ್ಷಣೆ ಇರುತ್ತಿತ್ತು. ಆದರೆ ಗ್ರೀಕರ ಹಳೆಯ ಮಡಕೆಗಳ ಮೇಲಿನ ಚಿತ್ರಗಳನ್ನು ನೋಡಿ. ಅಲ್ಲಿಯೂ ವೀರರು ಶಿರಸ್ತ್ರಾಣ, ಗುರಾಣಿ ಬಿಟ್ಟರೆ ಎಷ್ಟೋ ಸಲ ಬೆತ್ತಲೆ! ವೀರನನ್ನು ಹಾಗೆ ತೋರಿಸುವುದು ಗ್ರೀಕರದ್ದೇ ರೂಢಿ. ಸೇನೆಯ ಲೆಕ್ಕವೂ ಹಾಗೆಯೇ. ಹೆರೊಡೊಟಸ್ ಪರ್ಷಿಯಾದ ಕಾಲಾಳುಗಳನ್ನೇ 17 ಲಕ್ಷ ಅಂದ. ಇಂದಿನ ಇತಿಹಾಸಕಾರರಲ್ಲಿ ಹೆಚ್ಚಿನವರು ಅದನ್ನು ನಂಬುವುದಿಲ್ಲ. ಈ ಕಥೆಯನ್ನು ಉಬ್ಬಿಸುವ ಕೆಲಸ ಶುರುವಾಗಿ ಎರಡೂವರೆ ಸಾವಿರ ವರ್ಷವೇ ಆಯಿತು.

ರಕ್ತದ ವಿಷಯಕ್ಕೆ ಬರೋಣ. ಲಿಯೊನೈಡಸ್ ಎಡದಿಂದ ಬಲಕ್ಕೆ ಒಬ್ಬೊಬ್ಬರನ್ನೇ ಉರುಳಿಸುತ್ತಾ ನುಗ್ಗುವ ದೃಶ್ಯವಿದೆಯಲ್ಲ, ಅದನ್ನು ಇನ್ನೊಮ್ಮೆ ನಿಧಾನವಾಗಿ ನೋಡಿ. ವೇಗ ಇದ್ದಕ್ಕಿದ್ದಂತೆ ಇಳಿಯುತ್ತದೆ, ಈಟಿ ತಾಗುತ್ತದೆ, ಮತ್ತೆ ವೇಗ ಏರುತ್ತದೆ. ಕ್ಯಾಮೆರಾ ಹತ್ತಿರ ಬಂದು ದೂರ ಹೋಗುತ್ತದೆ, ಕಟ್ ಮಾತ್ರ ಕಾಣುವುದಿಲ್ಲ. ಬೇರೆ ಬೇರೆ ಲೆನ್ಸ್ ಇದ್ದ ಮೂರು ಕ್ಯಾಮೆರಾಗಳಲ್ಲಿ ಒಟ್ಟಿಗೇ ಚಿತ್ರೀಕರಿಸಿ, ಆಮೇಲೆ ಕಂಪ್ಯೂಟರ್‌ನಲ್ಲಿ ಬೆಸೆದದ್ದು ಅದು. ರಕ್ತವೂ ಅಷ್ಟೇ, ಕಾಮಿಕ್ಸ್ ಪುಟದ ಮೇಲೆ ಮಸಿ ಚೆಲ್ಲಿದ ಹಾಗೆ ಗಾಳಿಯಲ್ಲಿ ಹಾರುತ್ತದೆ. ಮೂಲವೇ 1998ರ ಕಾಮಿಕ್ಸ್ ತಾನೆ. ನೀವು ಖುಷಿಪಡುತ್ತಿರುವುದು ಕೊಲೆಗಲ್ಲ, ಆ ಲಯಕ್ಕೆ. ಅದರಲ್ಲಿ ನಾಚಿಕೆಪಡುವಂಥದ್ದು ಏನೂ ಇಲ್ಲ.

ಆದರೆ ಹಾಗೆ ಸಾಲು ಬಿಟ್ಟು ನುಗ್ಗುವುದು ಸ್ಪಾರ್ಟಾದಲ್ಲಿ ಮೆಚ್ಚುವ ಕೆಲಸವಲ್ಲ. ಸಾಲಾಗಿ ನಿಂತಾಗ ಪ್ರತಿಯೊಬ್ಬನ ಗುರಾಣಿ ಪಕ್ಕದವನನ್ನೂ ಕಾಯುತ್ತಿತ್ತು. ಅರಿಸ್ಟೊಡೆಮಸ್ ಎಂಬ ಯೋಧ ಕಣ್ಣುಬೇನೆಯಿಂದಾಗಿ ಥರ್ಮೊಪೈಲೇಯಿಂದ ಬದುಕಿ ಬಂದ. ಊರಲ್ಲಿ ಯಾರೂ ಅವನನ್ನು ಮಾತಾಡಿಸಲಿಲ್ಲ. ಮರುವರ್ಷ ಪರ್ಷಿಯನ್ನರ ವಿರುದ್ಧ ಪ್ಲಟೀಯದಲ್ಲಿ ನಡೆದ ಯುದ್ಧದಲ್ಲಿ ಒಬ್ಬನೇ ಮುನ್ನುಗ್ಗಿ, ಎಲ್ಲರಿಗಿಂತ ಜೋರಾಗಿ ಹೋರಾಡಿ ಸತ್ತ. ಆದರೂ ಸ್ಪಾರ್ಟಾದವರು ಅವನಿಗೆ ಗೌರವ ಕೊಡಲಿಲ್ಲ. ಸಾಯಬೇಕೆಂದೇ ಸಾಲು ಬಿಟ್ಟು ಹೋದ ಅಂದರು. ಸಿನಿಮಾದಲ್ಲಿ ಕಥೆ ಹೇಳುವ ಒಕ್ಕಣ್ಣಿನ ಯೋಧನನ್ನು ಕಂಡಾಗಲೆಲ್ಲ ನನಗೆ ಇವನೇ ನೆನಪಾಗುತ್ತಾನೆ.

ಆ ಒಕ್ಕಣ್ಣಿನವನು ಕಥೆ ಹೇಳುತ್ತಿರುವುದು ಪ್ಲಟೀಯದ ಯುದ್ಧಕ್ಕೆ ಮುನ್ನ, ತನ್ನ ಸೈನಿಕರನ್ನು ಹುರಿದುಂಬಿಸಲು. ಅಂಥ ಹೊತ್ತಲ್ಲಿ ಯಾರು ತಾನೇ ಲೆಕ್ಕ ಒಪ್ಪಿಸುತ್ತಾರೆ? ಘೇಂಡಾಮೃಗ, ಆನೆ, ರಾಕ್ಷಸರಂಥ ಶತ್ರುಗಳು ಎಲ್ಲವೂ ಅವನ ಬಾಯಿಂದ ಬಂದವು. ಹಾಗೆ ನೋಡಿದರೆ ಅರ್ಧ ತಪ್ಪುಗಳು ಸುಮ್ನೆ ಕರಗಿಹೋಗುತ್ತವೆ.

ಕರಗದವು ಎರಡು. ಒಂದು, ಸ್ಪಾರ್ಟಾ ಎಂದರೆ ಸ್ವಾತಂತ್ರ್ಯ ಅನ್ನುವುದು. ಆ ಊರಿನ ಹೊಲ ಉಳುತ್ತಿದ್ದವರು ಹೆಲಟ್ ಎಂಬ ಜೀತದಾಳುಗಳು. ಪ್ಲಟೀಯಕ್ಕೆ 5,000 ಸ್ಪಾರ್ಟನ್ನರ ಜೊತೆ 35,000 ಹೆಲಟ್‌ಗಳು ಹೋಗಿದ್ದರು ಎಂದು ಹೆರೊಡೊಟಸ್ ಬರೆದಿದ್ದಾನೆ. ಸಿನಿಮಾದಲ್ಲಿ ಅವರ ಸುಳಿವೇ ಇಲ್ಲ. ಎರಡು, ಪರ್ಷಿಯನ್ನರು. ಅವರ ರಾಜಧಾನಿಯಾಗಿದ್ದ ಪರ್ಸೆಪೊಲಿಸ್‌ನ ಕಲ್ಲುಕೆತ್ತನೆಗಳಲ್ಲಿ ಅವರ ರಾಜರು ಉದ್ದ ಗಡ್ಡ ಬಿಟ್ಟು, ನಿರಿಗೆಯ ನಿಲುವಂಗಿ ತೊಟ್ಟು ಕೂತಿದ್ದಾರೆ. ಅದೇ ಊರಲ್ಲಿ ಸಿಕ್ಕ ಮಣ್ಣಿನ ಹಲಗೆಗಳಲ್ಲಿ ಕೂಲಿಗಳಿಗೆ, ಹೆಂಗಸರಿಗೂ, ಕೊಟ್ಟ ದವಸದ ಲೆಕ್ಕವಿದೆ. ಇಷ್ಟೆಲ್ಲ ಇದ್ದ ಜನರನ್ನು ವಿಕಾರ ರೂಪಿಗಳ ಗುಂಪು ಮಾಡಿದ್ದಕ್ಕೆ 2007ರಲ್ಲಿ ಇರಾನ್ ಸಿಟ್ಟಾದದ್ದು ಸಹಜ. ಇಲ್ಲಿ ನಾನು ನಿಮ್ಮ ಗೆಳೆಯರ ಕಡೆಗೇ.

ಮಗನ ಹಟಕ್ಕೆ ಮಾತ್ರ ಈಗ ಮಣಿಯಬೇಡಿ. ತಲೆ ಹಾರುವ ದೃಶ್ಯಗಳಿಗಿಂತ ಜಾಸ್ತಿ, ರಾಣಿಯ ಮೇಲೆ ನಡೆಯುವ ಲೈಂಗಿಕ ದೌರ್ಜನ್ಯದ ದೃಶ್ಯ ಆ ವಯಸ್ಸಿಗೆ ಬೇಡ. ಸದ್ಯಕ್ಕೆ ಆ ಯುದ್ಧದ ಕಥೆಯನ್ನು ನೀವೇ ಹೇಳಿ. ಬಾವಿಯ ದೂತರಿಂದ ಶುರುಮಾಡಿ, ಅರಿಸ್ಟೊಡೆಮಸ್‌ನನ್ನೂ ಬಿಡಬೇಡಿ.